ಬೆಕ್ಕು ಹಿಡಿದ ಇಲಿ ಎಷ್ಟು? ಜಪಾನಿನ ನಿಶಿಯೊ ಸುಯೆಹಿರೊ ಅವರ ರಾಜಕಾರಣದ ಲೆಕ್ಕ

ಅಧಿಕಾರ ಹಿಡಿಯದ ರಾಜಕೀಯ ಪಕ್ಷ ಇಲಿ ಹಿಡಿಯದ ಬೆಕ್ಕಿನ ಹಾಗೆ. ಜಪಾನಿನ ಸಮಾಜವಾದಿ ಮುಖಂಡ ನಿಶಿಯೊ ಸುಯೆಹಿರೊ ಅವರು ಹೇಳಿ ಪ್ರಸಿದ್ಧವಾದ ಮಾತು ಇದು. ಮಾತೇನೋ ಸೊಗಸಾಗಿದೆ, ಕೇಳಿದವನು ತಲೆದೂಗುತ್ತಾನೆ. ಸಮಾಜವಾದಿಗಳಿಗೆ ಬುದ್ಧಿ ಹೇಳಲು ಹೊರಟ ಪ್ರತಿಯೊಬ್ಬ ವ್ಯವಹಾರಸ್ಥನ ನಾಲಗೆಯ ಮೇಲೂ ಇದೇ ಮಾತು ಬೇರೆ ಬೇರೆ ವೇಷ ಹಾಕಿ ಕುಣಿಯುತ್ತದೆ. ಮುಷ್ಕರ ಬೇಡ, ಮಾತುಕತೆ ಮಾಡಿ. ವರ್ಗ ಎನ್ನಬೇಡಿ, ರಾಷ್ಟ್ರ ಎನ್ನಿ. ದೊಡ್ಡವರ ಪಂಕ್ತಿಯಲ್ಲಿ ಒಂದು ಎಲೆ ಹಾಕಿಸಿಕೊಳ್ಳಿ, ಬಡಿಸಿದಷ್ಟು ಉಣ್ಣಿ. ಇದಕ್ಕೆ ಏಷ್ಯಾ ಖಂಡದಲ್ಲಿ ಯಾರಾದರೂ ಮಾದರಿ ಇದ್ದಾರೆಯೇ ಎಂದು ಕೇಳಿದರೆ ನಿಶಿಯೊ ಹೆಸರು ಬರುತ್ತದೆ.

ಒಳ್ಳೆಯದು. ಮಾದರಿ ಎಂದಮೇಲೆ ಲೆಕ್ಕ ನೋಡಲೇಬೇಕು. ಬೆಕ್ಕು ಹಿಡಿದ ಇಲಿ ಎಷ್ಟು, ಅದಕ್ಕೆ ಹಾಲೆರೆದವರು ಯಾರು?

ಮೊದಲು ಸಲ್ಲಬೇಕಾದ ಗೌರವ ಸಲ್ಲಿಸಿಬಿಡೋಣ. ನಿಶಿಯೊ ಬಾರಿಸ್ಟರಲ್ಲ, ಜಮೀನ್ದಾರನ ಮಗನಲ್ಲ. 1891ರಲ್ಲಿ ಕಾಗವಾ ಪ್ರಾಂತದ ಒಂದು ಪುಟ್ಟ ದ್ವೀಪದಲ್ಲಿ ಹುಟ್ಟಿದ ಹುಡುಗ, ಓದು ಅರ್ಧಕ್ಕೇ ಬಿಟ್ಟು ಒಸಾಕಾ ನಗರಕ್ಕೆ ಬಂದು ಸರಕಾರಿ ಫಿರಂಗಿ ಕಾರ್ಖಾನೆಯಲ್ಲಿ ಟರ್ನರ್ ಕೆಲಸ ಕಲಿತವನು. ಕೈಗೆ ಎಣ್ಣೆ ಮೆತ್ತಿಕೊಂಡು ಬೆಳೆದವನು. ಸುಜುಕಿ ಬುಂಜಿ ಎಂಬವರು 1912ರಲ್ಲಿ ಸ್ಥಾಪಿಸಿದ್ದ ಯುವಾಯ್‌ಕಾಯ್ ಎಂಬ ಕೆಲಸಗಾರರ ಸ್ನೇಹಸಂಘ ಕ್ರಮೇಣ ನಿಜವಾದ ಕಾರ್ಮಿಕ ಸಂಘವಾಗಿ ಬೆಳೆದು, 1921ರಲ್ಲಿ ಸೊದೊಮೇಯ್ ಎಂಬ ಒಕ್ಕೂಟವಾಯಿತು. ಒಸಾಕಾದಲ್ಲಿ ಅದನ್ನು ಕಟ್ಟಿದವರ ಸಾಲಿನಲ್ಲಿ ನಿಶಿಯೊ ಮುಂದಿನವರು. ಸಂಘ ಕಟ್ಟುವುದೆಂದರೆ ಆ ಕಾಲದಲ್ಲಿ ಪೊಲೀಸರ ಲಾಠಿಗೆ ಬೆನ್ನು ಕೊಡುವುದೆಂದೇ ಅರ್ಥ. ಇದನ್ನು ಮರೆಮಾಡಿ ಆತನನ್ನು ಹೀಯಾಳಿಸುವವರು ನಮ್ಮ ಪಂಕ್ತಿಯವರಲ್ಲ.

1925ರಲ್ಲಿ ಸೊದೊಮೇಯ್ ಒಡೆಯಿತು. ಎಡಪಂಥದ ಸಂಘಗಳು ಹೊರಬಿದ್ದವು, ನಿಶಿಯೊ ಬಲಭಾಗದವರ ಜೊತೆ ಉಳಿದರು. ಅದೇ ವರ್ಷ 25 ವರ್ಷ ತುಂಬಿದ ಗಂಡಸರಿಗೆಲ್ಲ ಮತದಾನದ ಹಕ್ಕು ಬಂತು. ಆ ಹಕ್ಕಿನ ಮೇಲೆ 1928ರಲ್ಲಿ ನಡೆದ ಮೊದಲ ಚುನಾವಣೆಯಲ್ಲಿ 466 ಸ್ಥಾನಗಳ ಪೈಕಿ ದುಡಿಯುವವರ ಪಕ್ಷಗಳಿಗೆ ಬಂದದ್ದು ಬರೇ ಎಂಟು. ಆ ಎಂಟರಲ್ಲಿ ಒಬ್ಬರು ನಿಶಿಯೊ. ಟರ್ನರ್ ಒಬ್ಬ ಪಾರ್ಲಿಮೆಂಟಿನ ಮೆಟ್ಟಿಲು ಹತ್ತಿದ.

ಈಗ 1938ಕ್ಕೆ ಬನ್ನಿ. ಜಪಾನಿನ ಸೈನ್ಯ ಚೀನಾದಲ್ಲಿ ಊರೂರು ಸುಡುತ್ತಿದೆ. ಕೊನೊಯೆ ಪ್ರಧಾನಿ. ಸರಕಾರ ‘ರಾಷ್ಟ್ರೀಯ ಸಮಗ್ರ ಸಂಘಟನೆ’ ಎಂಬ ಮಸೂದೆ ತಂದಿತು. ಅದರ ಅರ್ಥ ಇಷ್ಟೇ: ಯಾವ ಕೆಲಸಗಾರ ಎಲ್ಲಿ ದುಡಿಯಬೇಕು, ಎಷ್ಟು ಮಜೂರಿ ಪಡೆಯಬೇಕು, ಮುಷ್ಕರ ಹೂಡಬಹುದೇ ಇಲ್ಲವೇ ಎಂಬುದನ್ನೆಲ್ಲ ಪಾರ್ಲಿಮೆಂಟಿನ ಗೊಡವೆಯಿಲ್ಲದೆ ಸರಕಾರ ಒಂದು ಆಜ್ಞೆಯಿಂದ ತೀರ್ಮಾನಿಸಬಹುದು. ಕಾರ್ಮಿಕ ಸಂಘಗಳ ಕೊರಳಿಗೆ ಹಗ್ಗ. ಆಶ್ಚರ್ಯವೇನೆಂದರೆ, ಹಳೆಯ ಧನಿಕ ಪಕ್ಷಗಳವರೇ ಈ ಮಸೂದೆಗೆ ಗೊಣಗುತ್ತಿದ್ದರು, ತಮ್ಮ ಆಸ್ತಿಗೂ ಕೈ ಬಂದೀತೆಂಬ ಭಯದಿಂದ. ಅದನ್ನು ಉತ್ಸಾಹದಿಂದ ಬೆಂಬಲಿಸಿದ್ದು 37 ಸ್ಥಾನಗಳಿದ್ದ ಸಾಮೂಹಿಕ ಸಮಾಜ ಪಕ್ಷ, ಅಂದರೆ ನಿಶಿಯೊ ಅವರ ಪಕ್ಷ. ಮಾರ್ಚ್ 16ರಂದು ನಿಶಿಯೊ ಎದ್ದು ನಿಂತು, ಮುಸೊಲಿನಿಯಂತೆ, ಹಿಟ್ಲರನಂತೆ, ಸ್ಟಾಲಿನ್ನನಂತೆ ಧೈರ್ಯದಿಂದ ಮುನ್ನುಗ್ಗಿ ಎಂದು ಕೊನೊಯೆಗೆ ಕರೆಕೊಟ್ಟರು.

ಸಭೆಯಲ್ಲಿ ಗದ್ದಲವೆದ್ದಿತು. ಯಾಕೆ? ಹಿಟ್ಲರನ ಹೆಸರಿಗಲ್ಲ, ಮುಸೊಲಿನಿಯ ಹೆಸರಿಗೂ ಅಲ್ಲ. ಸ್ಟಾಲಿನ್ ಎಂದುಬಿಟ್ಟರಲ್ಲ, ಅದಕ್ಕೆ! ಒಂದು ವಾರದೊಳಗೆ ನಿಶಿಯೊ ಅವರನ್ನು ಪಾರ್ಲಿಮೆಂಟಿನಿಂದ ಉಚ್ಚಾಟಿಸಿದರು. ಮಾಡಿದ ತಪ್ಪಿಗಲ್ಲದೆ ಮಾಡದ ತಪ್ಪಿಗೆ ಶಿಕ್ಷೆಯಾಯಿತು. ಮಸೂದೆ ಕಾನೂನಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 1940ರ ಜುಲೈನಲ್ಲಿ, ಅವರೇ ಕಟ್ಟಿದ್ದ ಸೊದೊಮೇಯ್ ಬಾಗಿಲು ಮುಚ್ಚಿತು. ಕೆಲಸಗಾರರನ್ನೆಲ್ಲ ಸರಕಾರದ ‘ಕೈಗಾರಿಕಾ ದೇಶಸೇವಾ ಸಂಘ’ದ ದೊಡ್ಡಿಗೆ ಅಟ್ಟಿದರು. ದೊಡ್ಡಿಯ ಗೂಟ ಹೂಳಲು ಕೈಜೋಡಿಸಿದವರಲ್ಲಿ ಟರ್ನರ್ ನಿಶಿಯೊ ಒಬ್ಬರು.

ಆದರೆ ಮನುಷ್ಯ ಒಂದೇ ಬಣ್ಣದವನಲ್ಲ. ಅದೇ 1940ರ ಆರಂಭದಲ್ಲಿ ಸೈತೊ ತಕಾವೊ ಎಂಬ ಧೀಮಂತ ಸದಸ್ಯ ಚೀನಾ ಯುದ್ಧವನ್ನು ಪಾರ್ಲಿಮೆಂಟಿನಲ್ಲೇ ಪ್ರಶ್ನಿಸಿದ್ದಕ್ಕೆ ಸೈನ್ಯದವರು ಕೆಂಡವಾಗಿ, ಆತನನ್ನು ಹೊರಹಾಕುವ ನಿರ್ಣಯ ತಂದರು. ಸಾಮೂಹಿಕ ಸಮಾಜ ಪಕ್ಷದ ಆಜ್ಞೆ ಮೀರಿ ಆ ಮತದಾನಕ್ಕೆ ಗೈರುಹಾಜರಾದ ಸದಸ್ಯರ ಗುಂಪಿನಲ್ಲಿ ಕತಾಯಾಮಾ ತೆತ್ಸು, ಸುಜುಕಿ ಬುಂಜಿ ಇವರ ಜೊತೆ ನಿಶಿಯೊ ಕೂಡ ಇದ್ದರು. ಪಕ್ಷ ಅವರನ್ನು ಹೊರಗಟ್ಟಿತು. 1942ರ ಚುನಾವಣೆಯಲ್ಲಿ ಸರಕಾರ ತನಗೆ ಬೇಕಾದವರ ಪಟ್ಟಿ ಮಾಡಿ ಗೆಲ್ಲಿಸುತ್ತಿದ್ದಾಗ ಪಟ್ಟಿಯ ಹೊರಗೇ ನಿಂತು ಗೆದ್ದರು. ಇದಕ್ಕೆ ಎದೆಗಾರಿಕೆ ಬೇಕು. ನಾವು ಜರೆಯುತ್ತಿರುವುದು ಹೇಡಿಯೊಬ್ಬನನ್ನಲ್ಲ. ಧೈರ್ಯವಂತನೂ ಬುದ್ಧಿವಂತನೂ ಆದ ಕೆಲಸಗಾರನೊಬ್ಬ ಯಾವ ದಾರಿಯಲ್ಲಿ ಹೋಗಿ ಎಲ್ಲಿಗೆ ಮುಟ್ಟಿದ ಎಂಬುದು ಪ್ರಶ್ನೆ. ಹೇಡಿಯ ಕಥೆಯಾಗಿದ್ದರೆ ಈ ಅಂಕಣ ದಂಡ ಮಾಡುತ್ತಿರಲಿಲ್ಲ.

1945ರಲ್ಲಿ ಜಪಾನು ಸೋತು ಮಂಡಿಯೂರಿತು. ಬೂದಿಯಾದ ಊರುಗಳ ನಡುವೆ ನಿಶಿಯೊ ಹಳೆಯ ಸಂಗಾತಿಗಳನ್ನು ಹುಡುಕಿಕೊಂಡು ಹೊರಟರು. ನವೆಂಬರ್ 2ರಂದು ತೋಕಿಯೋದ ಹಿಬಿಯಾ ಸಭಾಭವನದಲ್ಲಿ ಜಪಾನ್ ಸಮಾಜವಾದಿ ಪಕ್ಷ ಹುಟ್ಟಿತು. ಎಡ, ಬಲ, ನಡು ಎಲ್ಲರೂ ಒಂದೇ ಚಪ್ಪರದಡಿ. 1946ರಲ್ಲಿ ಕತಾಯಾಮಾ ಅಧ್ಯಕ್ಷರು, ನಿಶಿಯೊ ಪ್ರಧಾನ ಕಾರ್ಯದರ್ಶಿ. 1947ರ ಏಪ್ರಿಲ್ ಚುನಾವಣೆಯಲ್ಲಿ ಈ ಪಕ್ಷ 143 ಸ್ಥಾನ ಗೆದ್ದು ಎಲ್ಲರಿಗಿಂತ ದೊಡ್ಡದಾಯಿತು. ಸುದ್ದಿ ಕೇಳಿದ ಕೂಡಲೇ ನಿಶಿಯೊ ಒಸಾಕಾದ ಆಡುಮಾತಿನಲ್ಲಿ, ಇದೇನು ಫಜೀತಿ ಬಂತಪ್ಪಾ ಎಂಬರ್ಥದ ಉದ್ಗಾರ ತೆಗೆದರೆಂದು ಜಪಾನಿನಲ್ಲಿ ಇಂದಿಗೂ ಹೇಳುತ್ತಾರೆ. ಬೆಕ್ಕಿಗೆ ಇಲಿ ತಾನಾಗಿ ಬಾಯಿಗೆ ಬಂದು ಬಿತ್ತು, ಬೆಕ್ಕು ಬೆಚ್ಚಿತು!

ಬೆಚ್ಚಲು ಕಾರಣವೂ ಇತ್ತು. 466ರಲ್ಲಿ 143 ಎಂದರೆ ಮೂರರಲ್ಲಿ ಒಂದು ಪಾಲೂ ಇಲ್ಲ. ಯೋಶಿದಾ ಅವರ ಲಿಬರಲ್ ಪಕ್ಷ, ನಿಮ್ಮ ಎಡಪಂಥದವರನ್ನು ಬಿಟ್ಟು ಬನ್ನಿ ಎಂದು ಷರತ್ತು ಹಾಕಿ ದೂರ ನಿಂತಿತು. ಕೊನೆಗೆ ಡೆಮೊಕ್ರಾಟಿಕ್ ಪಕ್ಷ, ಜನತಾ ಸಹಕಾರಿ ಪಕ್ಷ ಇವುಗಳ ಜೊತೆ ಸಮ್ಮಿಶ್ರ ಮಂತ್ರಿಮಂಡಲವಾಯಿತು. ಪ್ರಧಾನಿ ಕತಾಯಾಮಾ, ಆದರೆ ಸಂಧಾನದ ಸೂತ್ರ ಹಿಡಿದವರು ಮಂತ್ರಿಮಂಡಲದ ಮುಖ್ಯ ಕಾರ್ಯದರ್ಶಿ ನಿಶಿಯೊ. ಸ್ವಂತ ಪಕ್ಷದ ಎಡಪಂಥದವರಿಗೆ ಆ ಮಂತ್ರಿಮಂಡಲದಲ್ಲಿ ಮಣೆಯಿಲ್ಲ. ಬ್ಯಾಂಕಿನವರ, ಗಣಿಧಣಿಗಳ ಗೆಳೆಯರಿಗೆ ಇದೆ. ಎಲ್ಲರ ತಲೆಯ ಮೇಲೆ ಮೆಕಾರ್ಥರ್ ಸಾಹೇಬರ ಬೂಟು ಬೇರೆ.

ಏನೂ ಮಾಡಲಿಲ್ಲವೇ? ಮಾಡಿದರು. 1947ರ ಸೆಪ್ಟೆಂಬರಿನಲ್ಲಿ ಕಾರ್ಮಿಕ ಇಲಾಖೆ ಎಂಬುದು ಜಪಾನಿನಲ್ಲಿ ಮೊಟ್ಟಮೊದಲಿಗೆ ಹುಟ್ಟಿತು; ಅದರಲ್ಲಿ ಹೆಂಗಸರ ಮತ್ತು ಎಳೆಯರ ವಿಭಾಗಕ್ಕೆ ಯಾಮಕಾವಾ ಕಿಕುಯೆ ಎಂಬ ಸಮಾಜವಾದಿ ಮಹಿಳೆಯೇ ಮುಖ್ಯಸ್ಥೆಯಾದರು. ನಿರುದ್ಯೋಗ ವಿಮೆಯ ಕಾನೂನು ಬಂತು. ಇವು ಸಣ್ಣ ಕೆಲಸಗಳಲ್ಲ, ಇವನ್ನು ನಾವು ಎರಡು ಕೈಯಿಂದಲೂ ಸ್ವಾಗತಿಸುತ್ತೇವೆ.

ಆದರೆ ಹೊಟ್ಟೆಯ ವಿಚಾರಕ್ಕೆ ಬನ್ನಿ. ಜುಲೈ ತಿಂಗಳಲ್ಲಿ ಈ ಸರಕಾರ ಹೊಸ ಬೆಲೆ ಪದ್ಧತಿ ಸಾರಿತು. ಯುದ್ಧಕ್ಕೆ ಮುಂಚಿನ 1934-36ರ ಮಟ್ಟವನ್ನು ಒಂದು ಎಂದಿಟ್ಟುಕೊಂಡರೆ ಮೂಲ ಸರಕುಗಳ ಬೆಲೆಯನ್ನು 65 ಪಟ್ಟಿನವರೆಗೆ ಏರಲು ಬಿಟ್ಟಿತು. ಮಜೂರಿಯನ್ನು? ಸುಮಾರು 28 ಪಟ್ಟಿಗೆ, ಅಂದರೆ ತಿಂಗಳಿಗೆ ಸರಾಸರಿ 1,800 ಯೆನ್ನಿಗೆ ಕಟ್ಟಿಹಾಕಿತು. ಕೆಲಸಗಾರರ ಮತದಿಂದ ಬಂದ ಸರಕಾರವೇ ಬೆಲೆಗೆ ಏಣಿ ಹಾಕಿ, ಮಜೂರಿಗೆ ಬೇಡಿ ಹಾಕಿತು. ತುಟ್ಟಿ ಭತ್ತೆಗಾಗಿ ಗಿರಣಿಯ ಬಾಗಿಲಲ್ಲಿ ನಿಂತ ಯಾರಿಗೂ ಈ ಎರಡು ಅಂಕೆಗಳ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಚಿಲ್ಲರೆ ವ್ಯಾಪಾರಿಗಳ ಪಾಡು ಇದಕ್ಕಿಂತ ಚೆನ್ನಾಗಿರಲಿಲ್ಲ. ಆಹಾರ ಉಳಿಸಬೇಕೆಂದು ಅದೇ ಜುಲೈನಲ್ಲಿ ದೇಶದ ಹೋಟೆಲು ಖಾನಾವಳಿಗಳ ಬಾಗಿಲು ಮುಚ್ಚಿಸಿದರು. ಒಲೆ ಹೊತ್ತಿಸಿ ನಾಲ್ಕು ಕಾಸು ಕಾಣುತ್ತಿದ್ದ ಬಡ ಅಂಗಡಿಯವನು ಬೀದಿಗೆ ಬಿದ್ದ. ಪಡಿತರದ ಅಕ್ಕಿ ಹೊಟ್ಟೆಗೆ ಸಾಲದು; ಕಾಳಸಂತೆ ರಾಜಾರೋಷವಾಗಿ ನಡೆಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ತೋಕಿಯೋದ ಒಬ್ಬ ನ್ಯಾಯಾಧೀಶ, ಕಾಳಸಂತೆಯವರಿಗೆ ಶಿಕ್ಷೆ ಕೊಡುವ ನಾನು ಕಾಳಸಂತೆಯ ಅಕ್ಕಿ ಉಣ್ಣಲಾರೆ ಎಂದು ಹಟ ಹಿಡಿದು ಪಡಿತರದ ಮೇಲೆಯೇ ಬದುಕಲು ಹೋಗಿ ಸತ್ತ. ಸರಕಾರದ ಕಾನೂನನ್ನು ಅಕ್ಷರಶಃ ಪಾಲಿಸಿದವನ ಗತಿ ಅದು. ಪಾಲಿಸದೆ ಬದುಕಿದ ಸಣ್ಣವರನ್ನು ಪೊಲೀಸರು ರೈಲು ನಿಲ್ದಾಣಗಳಲ್ಲಿ ಹಿಡಿದು ಅಕ್ಕಿ ಕಿತ್ತುಕೊಳ್ಳುತ್ತಿದ್ದರು. ದೊಡ್ಡ ದಾಸ್ತಾನುಗಾರ ಗೋದಾಮಿನಲ್ಲಿ ನೆಮ್ಮದಿಯಾಗಿದ್ದ.

ಇನ್ನು ಕಲ್ಲಿದ್ದಲು. ಸಮಾಜವಾದಿ ಪಕ್ಷ ಜನರಿಗೆ ಕೊಟ್ಟ ದೊಡ್ಡ ಮಾತು ಒಂದೇ: ಕಲ್ಲಿದ್ದಲ ಗಣಿಗಳನ್ನು ರಾಷ್ಟ್ರದ ಹಿಡಿತಕ್ಕೆ ತರುತ್ತೇವೆ ಎಂಬುದು. ಮಸೂದೆ ಮಿತ್ರಪಕ್ಷದ ಕೈಗೆ ಹೋಯಿತು, ಗಣಿಧಣಿಗಳು ಹಣದ ಚೀಲ ಬಿಚ್ಚಿದರು. ಆ ಹಣದ ಪ್ರಕರಣದಲ್ಲಿ 1948ರ ಕೊನೆಗೆ ಸೆರೆಯಾದವರಲ್ಲಿ ಮುಂದೆ ಪ್ರಧಾನಿಯಾದ ತನಾಕಾ ಕಕುಯೆಯ್ ಕೂಡ ಒಬ್ಬರು. ಕೋರ್ಟು ಅವರನ್ನು ಆಮೇಲೆ ಬಿಟ್ಟಿತೆನ್ನಿ. ಮಸೂದೆಯ ಒಂದೊಂದೇ ಹಲ್ಲು ಕಿತ್ತು, ಬೋಳು ಬಾಯಿಯ ಕಾನೂನೊಂದನ್ನು ಡಿಸೆಂಬರಿನಲ್ಲಿ ಪಾಸು ಮಾಡಿದರು. ಮೂರು ವರ್ಷಕ್ಕೆಂದು ಮಾಡಿದ್ದು ಅಷ್ಟೂ ಕಾಲ ಬದುಕದೆ 1950ರಲ್ಲಿ ರದ್ದಾಯಿತು. ಇದು ಸಂಧಾನಚತುರರ ಸಾಧನೆ!

ಸರಕಾರ ಬಿದ್ದದ್ದು 1948ರ ಫೆಬ್ರವರಿಯಲ್ಲಿ. ಸರಕಾರಿ ನೌಕರರಿಗೆ ಕೊಡಬೇಕಾದ ಹೆಚ್ಚುವರಿ ಹಣವನ್ನು ರೈಲು ದರ, ಅಂಚೆ ದರ ಏರಿಸಿ ತೆಗೆಯಲು ಹೊರಟಾಗ, ಬಜೆಟ್ ಸಮಿತಿಯ ಅಧ್ಯಕ್ಷರಾಗಿದ್ದ ಎಡಪಂಥದ ಸುಜುಕಿ ಮೊಸಬುರೊ ಅದನ್ನು ಉರುಳಿಸಿದರು. ಕತಾಯಾಮಾ ರಾಜೀನಾಮೆ ಕೊಟ್ಟರು. ನಿಶಿಯೊ ಭಕ್ತರು ಇದನ್ನು ಎಡಪಂಥದ ದ್ರೋಹವೆನ್ನುತ್ತಾರೆ. ಒಬ್ಬ ಬಡವನ ಜೇಬಿನಿಂದ ಕಿತ್ತು ಇನ್ನೊಬ್ಬ ಬಡವನ ಜೇಬಿಗೆ ಹಾಕುವುದಕ್ಕೆ ಸಮಾಜವಾದಿ ಪ್ರಧಾನಿಯೇ ಬೇಕೇ?

ಅಲ್ಲಿಗಾದರೂ ಪಕ್ಷ ಹೊರಗೆ ಬಂದು ಉಸಿರು ತೆಗೆದುಕೊಳ್ಳಬಹುದಿತ್ತು. ಇಲ್ಲ. ಡೆಮೊಕ್ರಾಟಿಕ್ ಪಕ್ಷದ ಆಶಿದಾ ಪ್ರಧಾನಿಯಾದರು, ನಿಶಿಯೊ ಉಪಪ್ರಧಾನಿಯಾದರು. ನ್ಯಾಯ ಹೇಳಬೇಕೆಂದರೆ ಈ ಸಲ ಎಡಪಂಥದ ಕೆಲವರೂ ಮಂತ್ರಿಗಳಾಗಿ ಅದೇ ಪಂಕ್ತಿಯಲ್ಲಿ ಕುಳಿತರು. ಅಧಿಕಾರದ ಅಡಿಗೆಯ ಘಮ ಯಾರ ಮೂಗನ್ನೂ ಬಿಡುವುದಿಲ್ಲ. ಈ ಸರಕಾರದ ಕಾಲದಲ್ಲೇ, 1948ರ ಜುಲೈ ಕೊನೆಗೆ, ಮೆಕಾರ್ಥರ್ ಸಾಹೇಬರ ಪತ್ರ ಬಂದೊಡನೆ ಸರಕಾರಿ ನೌಕರರ ಮುಷ್ಕರದ ಹಕ್ಕನ್ನು 201ನೆಯ ಆಜ್ಞೆಯಿಂದ ಕಿತ್ತುಕೊಳ್ಳಲಾಯಿತು.

ಆ ಹೊತ್ತಿಗೆ ನಿಶಿಯೊ ಮಂತ್ರಿಮಂಡಲದಲ್ಲಿ ಇರಲಿಲ್ಲ. ಕಾರಣ, ಐದು ಲಕ್ಷ ಯೆನ್. ಕಟ್ಟಡದ ಕಂತ್ರಾಟುದಾರರಿಂದ ಅವರು ಪಡೆದ ಈ ಹಣ ಪಕ್ಷದ ಲೆಕ್ಕಪತ್ರದಲ್ಲಿ ಇರಲಿಲ್ಲ. ಪಾರ್ಲಿಮೆಂಟಿನಲ್ಲಿ ಕೇಳಿದರೆ ಅವರು ಕೊಟ್ಟ ಸಮಜಾಯಿಷಿ ಜಪಾನಿನಲ್ಲಿ ಗಾದೆಯಾಗಿ ನಿಂತಿದೆ: ಹಣ ಪಕ್ಷಕ್ಕೆ ಬಂದದ್ದಲ್ಲ, ನನ್ನ ಸ್ವಂತಕ್ಕೂ ಅಲ್ಲ, ‘ಪ್ರಧಾನ ಕಾರ್ಯದರ್ಶಿಯಾಗಿರುವ ವ್ಯಕ್ತಿ’ಗೆ ಬಂದದ್ದು! ಇಂಥ ವ್ಯಾಕರಣವನ್ನು ನಾನು ಮೇಷ್ಟರಾಗಿದ್ದಷ್ಟು ವರ್ಷ ಯಾವ ಹುಡುಗನೂ ನನ್ನ ಮುಂದೆ ಒಪ್ಪಿಸಲಿಲ್ಲ. ವ್ಯಾಕರಣ ಬಿಡಿ, ಗಣಿತ ಮಾಡೋಣ. ತಿಂಗಳಿಗೆ 1,800 ಯೆನ್ ಎಂದು ಇದೇ ಮಹನೀಯರ ಸರಕಾರ ಮಜೂರಿ ಗೊತ್ತುಮಾಡಿತ್ತು. ಐದು ಲಕ್ಷವನ್ನು 1,800ರಿಂದ ಭಾಗಿಸಿ. ಇನ್ನೂರ ಎಪ್ಪತ್ತೇಳು ತಿಂಗಳು ದಾಟುತ್ತದೆ, ಅಂದರೆ ಇಪ್ಪತ್ತಮೂರು ವರ್ಷದ ದುಡಿಮೆ. ಒಬ್ಬ ಟರ್ನರ್ ಇಪ್ಪತ್ತಮೂರು ವರ್ಷ ಉಣ್ಣದೆ, ಉಡದೆ, ಮನೆ ಬಾಡಿಗೆ ಕೊಡದೆ ಕೂಡಿಟ್ಟರೆ ಆಗುವ ಗಂಟು, ಹಳೆಯ ಟರ್ನರ್ ಒಬ್ಬರ ಕೈಗೆ ಕಂತ್ರಾಟುದಾರರಿಂದ ಬಂತು. ಅದು ಪಕ್ಷದ ಯಾವ ರಶೀದಿ ಪುಸ್ತಕದಲ್ಲೂ ಇಲ್ಲ.

ಜುಲೈನಲ್ಲಿ ಅವರು ಮಂತ್ರಿ ಪದವಿ ಬಿಟ್ಟರು. ಅಕ್ಟೋಬರ್ 6ರಂದು ಶೋವಾ ದೆಂಕೊ ಎಂಬ ರಸಗೊಬ್ಬರ ಕಂಪೆನಿಯ ಲಂಚದ ಮೊಕದ್ದಮೆಯಲ್ಲಿ ಸೆರೆಯಾದರು. ಸರಕಾರಿ ಪುನಾರಚನಾ ಬ್ಯಾಂಕಿನಿಂದ ಸಾಲ ಎತ್ತಲು ಈ ಕಂಪೆನಿ ಅಧಿಕಾರಿಗಳಿಗೂ ಮಂತ್ರಿಗಳಿಗೂ ಹಣ ಹಂಚಿತೆಂಬುದು ಆರೋಪ. ಮರುದಿನ ಆಶಿದಾ ಸರಕಾರ ಬಿತ್ತು. ಡಿಸೆಂಬರಿನಲ್ಲಿ ಆಶಿದಾ ಅವರೂ ಸೆರೆಯಾದರು. ಸಮಾಜವಾದಿ ಪಕ್ಷ ನಿಶಿಯೊ ಅವರನ್ನು ಹೊರಹಾಕಿತು. ವರ್ಷಗಟ್ಟಲೆ ವಿಚಾರಣೆ ನಡೆದು ಕೋರ್ಟು ಅವರನ್ನು ನಿರ್ದೋಷಿ ಎಂದಿತು. ತೀರ್ಪನ್ನು ನಾವು ಮನ್ನಿಸುತ್ತೇವೆ, ಲಂಚ ತಿಂದರೆಂದು ಹೇಳುವುದಿಲ್ಲ. ಕೋರ್ಟು ಕೇಳುವ ಪ್ರಶ್ನೆ ಬೇರೆ, ಸಂಘದ ಸದಸ್ಯ ಕೇಳುವ ಪ್ರಶ್ನೆ ಬೇರೆ. ಚಂದಾ ಕೊಟ್ಟವನು ಕೇಳುವುದು ಇಷ್ಟೇ: ಲೆಕ್ಕದ ಪುಸ್ತಕ ಎಲ್ಲಿ?

ಜನರು ಉತ್ತರ ಕೊಟ್ಟರು. 1949ರ ಜನವರಿಯಲ್ಲಿ 143ರ ಪಕ್ಷ 48ಕ್ಕೆ ಇಳಿಯಿತು. ಕತಾಯಾಮಾ ಸೋತರು, ನಿಶಿಯೊ ಸೋತರು. ನಾಲ್ಕು ಸ್ಥಾನವಿದ್ದ ಕಮ್ಯೂನಿಸ್ಟರು 35ಕ್ಕೆ ಏರಿದರು. ಸೌಮ್ಯವಾದದಿಂದ ಕಮ್ಯೂನಿಸ್ಟರನ್ನು ತಡೆಯುತ್ತೇವೆ ಎಂದು ಉಪದೇಶಿಸುವವರು ಈ ಎರಡು ಅಂಕೆಗಳನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಲಿ. ಅವರಿಗೆ ಬೆಳೆ ಬೆಳೆದುಕೊಟ್ಟವರು ಯಾರು?

ಮುಂದಿನ ಕೆಲವು ವರ್ಷಗಳನ್ನು ಬೇಗ ದಾಟೋಣ. 1951ರಲ್ಲಿ ಸಾನ್ ಫ್ರಾನ್ಸಿಸ್ಕೊ ಶಾಂತಿ ಒಪ್ಪಂದದ ಮೇಲೆ ಪಕ್ಷ ಎರಡು ಹೋಳಾಯಿತು. ಶಾಂತಿ ಒಪ್ಪಂದವೂ ಬೇಡ, ಅಮೆರಿಕದ ಜೊತೆಗಿನ ರಕ್ಷಣಾ ಒಪ್ಪಂದವೂ ಬೇಡವೆಂದು ಎಡದವರು. ಮೊದಲನೆಯದು ಸರಿ, ಎರಡನೆಯದು ಬೇಡವೆಂದು ಬಲದವರು. ನಿಶಿಯೊ 1952ರಲ್ಲಿ ಮತ್ತೆ ಗೆದ್ದು ಬಲದವರ ಮುಖಂಡರಾದರು. 1953ರ ಜನವರಿಯಲ್ಲಿ ರಂಗೂನಿನಲ್ಲಿ ಏಷ್ಯಾದ ಸಮಾಜವಾದಿಗಳ ಸಮ್ಮೇಳನ ಸೇರಿದಾಗ, ಭಾರತದ ಸಮಾಜವಾದಿಗಳ ಎದುರಿಗೆ ಜಪಾನಿನ ಎಡವೂ ಬಲವೂ ಎರಡು ಬೇರೆ ಪಕ್ಷಗಳಾಗಿ ಬಂದು ಕುಳಿತಿದ್ದವು. ಕೂತವರಲ್ಲಿ ನಮ್ಮವರು ಅದನ್ನು ಕಂಡು ಎಷ್ಟು ಕಲಿತರೆಂಬುದು ಎರಡೇ ವರ್ಷದಲ್ಲಿ ತಿಳಿಯಿತು. 1955ರ ಕೊನೆಗೆ ಇಲ್ಲಿನ ಪಕ್ಷವೂ ಒಡೆದು ಲೋಹಿಯಾ ಅವರು ಬೇರೆಯಾದರು. ವಿಚಿತ್ರವೆಂದರೆ ಅದೇ 1955ರ ಅಕ್ಟೋಬರಿನಲ್ಲಿ ಜಪಾನಿನ ಹೋಳುಗಳು ಒಂದಾದವು. ಹೆದರಿದ ಬಂಡವಾಳಗಾರರು ಮರು ತಿಂಗಳೇ ತಮ್ಮ ಎರಡು ಪಕ್ಷಗಳನ್ನು ಕೂಡಿಸಿ ಲಿಬರಲ್ ಡೆಮೊಕ್ರಾಟಿಕ್ ಪಕ್ಷ ಮಾಡಿಸಿದರು. ಒಂದಾದ ಸಮಾಜವಾದಿಗಳು 1958ರಲ್ಲಿ 166 ಸ್ಥಾನ ಗೆದ್ದರು. ಕೂಡಿದರೆ ಬಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಆ ಮನೆಯನ್ನು ಒಡೆದವರು ನಿಶಿಯೊ.

ಅವರ ವಾದವನ್ನು ಅವರ ಕಡೆಯಿಂದಲೇ ಹೇಳೋಣ. ಪಕ್ಷದಲ್ಲಿ ಸದಸ್ಯರು ಕೆಲವೇ ಹತ್ತು ಸಾವಿರ. ಸೊಹ್ಯೊ ಎಂಬ ಕಾರ್ಮಿಕ ಒಕ್ಕೂಟದಲ್ಲಿ ಮೂವತ್ತು ಲಕ್ಷಕ್ಕೂ ಮೇಲೆ. ಹೀಗಾಗಿ ಪಕ್ಷ ಸೊಹ್ಯೊದ ಬಾಲವಾಗಿದೆ. ರೈತನನ್ನೂ ಸಣ್ಣ ಅಂಗಡಿಯವನನ್ನೂ ಮರೆತಿದೆ. ವರ್ಗಪಕ್ಷ ಬೇಡ, ರಾಷ್ಟ್ರಪಕ್ಷ ಬೇಕು ಎಂದರು. ಇದರಲ್ಲಿ ಹುರುಳಿಲ್ಲದಿಲ್ಲ. ಸಂಘಗಳ ಕಚೇರಿಯಿಂದ ಬಂದ ಆಜ್ಞೆಯೇ ಪಕ್ಷದ ನೀತಿಯಾದರೆ ಪೇಟೆಯ ಸಣ್ಣ ವ್ಯಾಪಾರಿ ದೂರ ನಿಲ್ಲುತ್ತಾನೆ, ನಿಂತದ್ದೂ ನಿಜ. ಆದರೆ ಅದಕ್ಕೆ ಮದ್ದು ಅಂಗಡಿಗಳ ಬಾಗಿಲಿಗೆ ಹೋಗಿ ಪಕ್ಷದ ಸದಸ್ಯರನ್ನು ಹೆಚ್ಚಿಸುವುದೇ, ಅಥವಾ ಹೋರಾಟದ ನಟ್ಟನಡುವೆ ಎದ್ದು ಹೋಗುವುದೇ? 1959ರ ಸೆಪ್ಟೆಂಬರ್ ಸಮ್ಮೇಳನದಲ್ಲಿ ಅವರ ಮೇಲೆ ಶಿಸ್ತುಕ್ರಮದ ಮಾತು ಬಂತು. ಅಕ್ಟೋಬರಿನಲ್ಲಿ ಅವರು ಬೆಂಬಲಿಗರೊಂದಿಗೆ ಹೊರನಡೆದರು. 1960ರ ಜನವರಿ 24ರಂದು ಡೆಮೊಕ್ರಾಟಿಕ್ ಸೋಷಲಿಸ್ಟ್ ಪಕ್ಷ ಹುಟ್ಟಿತು. ಕೆಳಮನೆಯ ಸುಮಾರು ನಲವತ್ತು ಸದಸ್ಯರು ಅದರಲ್ಲಿದ್ದರು.

ದಿನಾಂಕವನ್ನು ಗಮನಿಸಿ. ಮರುದಿನ, ಜನವರಿ 25ರಂದು, ಕ್ಯೂಶೂ ದ್ವೀಪದ ಮೀಕೆ ಗಣಿಗೆ ಮಿತ್ಸುಯಿ ಕಂಪೆನಿ ಬೀಗ ಜಡಿಯಿತು.

ಕಲ್ಲಿದ್ದಲಿನ ಕಾಲ ಮುಗಿದು ಎಣ್ಣೆಯ ಕಾಲ ಬರುತ್ತಿದೆ, ಆದ್ದರಿಂದ ಮಂದಿಯನ್ನು ಕಡಿಮೆ ಮಾಡಬೇಕೆಂದು ಕಂಪೆನಿ 1,278 ಜನರನ್ನು ಹೆಸರು ಹಿಡಿದು ವಜಾ ಮಾಡಿತ್ತು. ಆ ಪಟ್ಟಿಯಲ್ಲಿ ಸಂಘದ ಚುರುಕು ಕಾರ್ಯಕರ್ತರ ಹೆಸರುಗಳನ್ನು ಆರಿಸಿ ಸೇರಿಸಿತ್ತು. ಗಣಿಯವರು ಮುಷ್ಕರ ಹೂಡಿದರು. ಮಾರ್ಚ್ ತಿಂಗಳಲ್ಲಿ ಕಂಪೆನಿಯ ಕೃಪಾಕಟಾಕ್ಷದಲ್ಲಿ ‘ಎರಡನೆಯ ಸಂಘ’ ಹುಟ್ಟಿತು. ಎರಡನೆಯ ಸಂಘ! ಯಾವ ದೇಶದ ಗಿರಣಿಯಲ್ಲಾದರೂ ಈ ಪದದ ಅರ್ಥ ಒಂದೇ. ಅದರ ಬೆನ್ನಿಗೆ ನಿಂತದ್ದು ಜೆನ್ರೊ ಎಂಬ ಒಕ್ಕೂಟ. ನಿಶಿಯೊ ಅವರ ಹೊಸ ಪಕ್ಷದ ಬೆನ್ನೆಲುಬೂ ಅದೇ ಜೆನ್ರೊ. ಮಾರ್ಚ್ 29ರಂದು ಗಣಿಯ ಬಾಗಿಲಲ್ಲಿ ಕಾವಲು ನಿಂತಿದ್ದ ಹಳೆಯ ಸಂಘದ ಕೆಲಸಗಾರನೊಬ್ಬನನ್ನು ಗೂಂಡಾಗಳು ಇರಿದು ಕೊಂದರು. ನವೆಂಬರ್ ಹೊತ್ತಿಗೆ ಮುಷ್ಕರ ಸೋತಿತು, ವಜಾ ಉಳಿಯಿತು. ಮಾಲೀಕನೂ ಕೆಲಸಗಾರನೂ ಕೈಕೈ ಹಿಡಿದು ಉತ್ಪಾದನೆ ಹೆಚ್ಚಿಸುವುದೆಂಬ ಹೊಸ ವೇದಾಂತ ಗಣಿಯೊಳಗೆ ಇಳಿಯಿತು. ಮೂರು ವರ್ಷ ಕಳೆದು 1963ರ ನವೆಂಬರ್ 9ರಂದು ಅದೇ ಮೀಕೆಯಲ್ಲಿ ಕಲ್ಲಿದ್ದಲ ಧೂಳು ಸಿಡಿದು 458 ಜನ ಸತ್ತರು. 839 ಜನ ವಿಷಗಾಳಿ ಕುಡಿದರು, ಅವರಲ್ಲಿ ಅನೇಕರು ಬುದ್ಧಿಯೂ ನೆನಪೂ ಕೆಟ್ಟು ಹೆಂಡಿರು ಮಕ್ಕಳ ಗುರುತು ತಪ್ಪಿ ಬಾಳಿದರು. ಧೂಳು ಗುಡಿಸುವ ಕೈಗಳನ್ನು ಕಡಿಮೆ ಮಾಡಿದ್ದೇ ಕಾರಣವೆಂದು ಹಳೆಯ ಸಂಘದವರು ಕೂಗಿ ಹೇಳಿದರು. ಸಿಡಿತಕ್ಕೆ ನಿಶಿಯೊ ಹೊಣೆಯೆಂದು ಯಾರೂ ಹೇಳಲಾರರು. ಗಣಿಯೊಳಗೆ ‘ಇದು ಅಪಾಯ, ನಿಲ್ಲಿಸು’ ಎಂದು ಹೇಳುವ ಗಂಟಲನ್ನು ಹಿಸುಕುವಾಗ ಅವರ ಪಾಳೆಯ ಯಾವ ಕಡೆಗಿತ್ತು ಎಂಬುದನ್ನು ಮಾತ್ರ ಹೇಳುತ್ತಿದ್ದೇವೆ.

ಅದೇ 1960ರಲ್ಲಿ ಪ್ರಧಾನಿ ಕಿಶಿ ಅಮೆರಿಕದ ಜೊತೆಗಿನ ರಕ್ಷಣಾ ಒಪ್ಪಂದವನ್ನು ಹೊಸದಾಗಿ ಬಿಗಿಯಲು ಹೊರಟರು. ಮೇ 19ರ ರಾತ್ರಿ ಪಾರ್ಲಿಮೆಂಟಿನೊಳಗೆ ಸುಮಾರು 500 ಪೊಲೀಸರನ್ನು ತಂದು, ಧರಣಿ ಕೂತ ಸಮಾಜವಾದಿ ಸದಸ್ಯರನ್ನು ಎತ್ತಿ ಹೊರಹಾಕಿಸಿ, ನಡುರಾತ್ರಿ ಕಳೆದೊಡನೆ ಒಪ್ಪಂದ ಪಾಸು ಮಾಡಿಸಿದರು. ನಿಶಿಯೊ ಅವರ ಪಕ್ಷವೂ ಆ ಮತದಾನದಲ್ಲಿ ಪಾಲುಗೊಳ್ಳಲಿಲ್ಲ, ಕಿಶಿ ಇಳಿಯಲೆಂದು ಅವರೂ ಕೇಳಿದರು. ಆದರೆ ಲಕ್ಷಗಟ್ಟಲೆ ಜನ ಬೀದಿಗಿಳಿದಾಗ ಅವರಿಗೆ ಕಂಡದ್ದು ಜನರಲ್ಲ, ಗದ್ದಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಅಕ್ಟೋಬರ್ 12ರಂದು ಹಿಬಿಯಾ ಸಭಾಭವನದಲ್ಲಿ ಮೂರು ಪಕ್ಷಗಳ ಅಧ್ಯಕ್ಷರ ಸಭೆ. ಹದಿನೈದು ವರ್ಷದ ಹಿಂದೆ ಎಡ ಬಲ ಎರಡೂ ಕೂಡಿ ಪಕ್ಷ ಕಟ್ಟಿದ್ದು ಇದೇ ಊರಿನ ಇದೇ ಹಿಬಿಯಾದಲ್ಲಿ. ನಿಶಿಯೊ ಮಾತಾಡಿ ಕುಳಿತರು. ಆಮೇಲೆ ಎದ್ದವರು ಸಮಾಜವಾದಿ ಪಕ್ಷದ ಅಸನುಮಾ ಇನೆಜಿರೊ, ಹಳೆಯ ಸಂಗಾತಿ. ಮಾತು ಮುಗಿಯುವ ಮುಂಚೆ ಬಲಪಂಥದ ಹದಿನೇಳು ವರ್ಷದ ಹುಡುಗನೊಬ್ಬ ವೇದಿಕೆಗೆ ನುಗ್ಗಿ ಕತ್ತಿಯಿಂದ ತಿವಿದ. ಅಸನುಮಾ ತೀರಿಕೊಂಡರು. ನವೆಂಬರಿನ ಚುನಾವಣೆಯಲ್ಲಿ ನಿಶಿಯೊ ಪಕ್ಷ ನಲವತ್ತರಿಂದ 17ಕ್ಕೆ ಕುಸಿಯಿತು. ಉಳಿದ ಸಮಾಜವಾದಿಗಳು 145. ಆಳುವ ಪಕ್ಷ 296. ಅಧಿಕಾರಕ್ಕಾಗಿ ಮನೆ ಒಡೆದ ಬೆಕ್ಕಿಗೆ ಸಿಕ್ಕ ಇಲಿ ಇದು. ನಿಶಿಯೊ 1967ರವರೆಗೆ ಪಕ್ಷದ ಅಧ್ಯಕ್ಷರಾಗಿದ್ದು, 1972ರಲ್ಲಿ ಪಾರ್ಲಿಮೆಂಟು ಬಿಟ್ಟು, 1981ರಲ್ಲಿ ತೀರಿಕೊಂಡರು. ಮತ್ತೆ ಮಂತ್ರಿಯಾಗಲಿಲ್ಲ. ಅವರ ಪಕ್ಷ 1993ರಲ್ಲಿ ಎಂಟು ಗುಂಪುಗಳ ಕೂಡಾವಳಿಯಲ್ಲಿ ಕೆಲವು ತಿಂಗಳು ಆಳಿ, 1994ರ ಡಿಸೆಂಬರಿನಲ್ಲಿ ಇನ್ನೊಂದು ಪಕ್ಷದಲ್ಲಿ ಕರಗಿ ಹೋಯಿತು.

ಇಲ್ಲಿ ವ್ಯವಹಾರಸ್ಥರು ಎದ್ದು ಕೇಳುತ್ತಾರೆ: ಹಾಗಾದರೆ ಅವರನ್ನು ಬೈದ ಸಮಾಜವಾದಿ ಪಕ್ಷವೇ ಕೊನೆಗೆ ಅವರ ದಾರಿಗೆ ಬರಲಿಲ್ಲವೇ? ಬಂತು, ನಿಜ. 1994ರ ಜೂನಿನಲ್ಲಿ ಸಮಾಜವಾದಿ ಪಕ್ಷದ ಮುರಾಯಾಮಾ, ಹುಟ್ಟಿನಿಂದ ವೈರಿಯಾಗಿದ್ದ ಲಿಬರಲ್ ಡೆಮೊಕ್ರಾಟಿಕ್ ಪಕ್ಷದ ಹೆಗಲ ಮೇಲೆ ಕೂತು ಪ್ರಧಾನಿಯಾದರು. ಸೈನ್ಯವೂ ಸರಿ, ಅಮೆರಿಕದ ಒಪ್ಪಂದವೂ ಸರಿ ಎಂದು ಒಪ್ಪಿಕೊಂಡರು. ಫಲ? 1990ರಲ್ಲಿ 136 ಸ್ಥಾನವಿದ್ದ ಪಕ್ಷ 1993ರಲ್ಲೇ 70ಕ್ಕೆ ಇಳಿದಿತ್ತು. ಈ ಸೌಭಾಗ್ಯವಾದ ಮೇಲೆ, ಹೆಸರನ್ನೂ ಬದಲಿಸಿಕೊಂಡು, 1996ರಲ್ಲಿ 15ಕ್ಕೆ ಬಂತು. 1949ರ ಪಾಠವೇ, ಅಂಕೆ ಬೇರೆ. ನಿಶಿಯೊ ಅವರ ದಾರಿಯಲ್ಲಿ ಹೋದದ್ದು ಒಬ್ಬರಲ್ಲ, ಇಬ್ಬರು ಎಂದು ತೋರಿಸಿಕೊಟ್ಟರೆ ದಾರಿ ಸರಿಯಾಗುವುದಿಲ್ಲ.

ಇನ್ನು ಹಾಲೆರೆದವರ ವಿಚಾರ. ಇದು ತಿಳಿಯಲು ಬಹುಕಾಲ ಬೇಕಾಯಿತು. 2006ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಹಳೆಯ ಕಡತಗಳ ಒಂದು ಸಂಪುಟ ಪ್ರಕಟಿಸಿತು. ಅದರಲ್ಲಿ ಇಲಾಖೆ ತಾನೇ ಒಪ್ಪಿಕೊಂಡ ಸಂಗತಿ: 1958ರ ಚುನಾವಣೆಗೆ ಮುಂಚೆ ಜಪಾನಿನ ಬಲಪಂಥದ ಕೆಲವು ಆಯ್ದ ರಾಜಕಾರಣಿಗಳಿಗೆ ಗುಪ್ತಚಾರ ಸಂಸ್ಥೆ ಗುಟ್ಟಾಗಿ ಹಣ ಕೊಟ್ಟಿತು, ಅಷ್ಟೇ ಅಲ್ಲ, 1959ರಲ್ಲಿ ಇನ್ನೊಂದು ಗುಪ್ತ ಯೋಜನೆ ಮಾಡಿ, ಎಡಪಕ್ಷದೊಳಗಿನ ಸೌಮ್ಯರನ್ನು ಒಡೆದು ಹೊರತಂದು ಅಮೆರಿಕಕ್ಕೆ ಹಿತವಾದ ‘ಹೊಣೆಗಾರ’ ವಿರೋಧಪಕ್ಷ ಹುಟ್ಟಿಸಲು ಯತ್ನಿಸಿತು. 1960ರ ಸಾಲಿಗೆ ಇದಕ್ಕಿಟ್ಟ ಹಣ 75,000 ಡಾಲರು. ಮುಂದಿನ ಕೆಲವು ವರ್ಷವೂ ಹೆಚ್ಚುಕಡಿಮೆ ಇಷ್ಟೇ. ಆಗ ಡಾಲರಿಗೆ 360 ಯೆನ್ನಿನ ದರ, ಎರಡು ಕೋಟಿ ಎಪ್ಪತ್ತು ಲಕ್ಷ ಯೆನ್ನಾಯಿತು.

ಯಾರ ಕೈಗೆ ಕೊಟ್ಟೆವೆಂದು ಅಲ್ಲಿ ಹೆಸರಿಲ್ಲ. ನಿಶಿಯೊ ಪಡೆದರೆಂದೂ ಇಲ್ಲ, ಅವರಿಗೆ ಗೊತ್ತಿತ್ತೆಂದೂ ಇಲ್ಲ; ಇಲ್ಲದ್ದನ್ನು ನಾವು ಸೇರಿಸುವುದಿಲ್ಲ. ಆದರೆ ಆ ಎರಡು ವರ್ಷಗಳಲ್ಲಿ ಸಮಾಜವಾದಿ ಪಕ್ಷದಿಂದ ಒಡೆದು ಹೊರಬಂದ ಸೌಮ್ಯರ ಪಕ್ಷ ಒಂದೇ. 1960ರ ಚಳಿಯಲ್ಲಿ ಆ ಪಕ್ಷದ ಭಿತ್ತಿಪತ್ರಕ್ಕೆ ಅಂಟು ಕಲಸಿದ ಒಸಾಕಾದ ಗಿರಣಿ ಕೆಲಸಗಾರ, ಅಂಗಡಿ ಮುಚ್ಚಿದ ಮೇಲೆ ಬಂದು ಮನೆ ಮನೆಗೆ ಚೀಟಿ ಹಂಚಿದ ಸಣ್ಣ ವ್ಯಾಪಾರಿ, ಇವರಿಗೆ ಈ ಸಂಗತಿಯನ್ನು ಹೇಳಿದವರಿಲ್ಲ. ಅಮೆರಿಕದ ಕಡತ ತೆರೆಯುವ ಹೊತ್ತಿಗೆ ನಲವತ್ತಾರು ವರ್ಷ ಕಳೆದಿತ್ತು, ಅವರಲ್ಲಿ ಬಹುಮಂದಿ ಮಣ್ಣಾಗಿದ್ದರು.